ಗೊತ್ತಿಲ್ಲ ಎಂದವರ ಬಳಗ

2018ರ ಜುಲೈ ತಿಂಗಳ ಮೊದಲ ವಾರ. ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳ ಮೊಣಕಾಲೆತ್ತರ ಬೆಳೆದು ನಿಂತಿತ್ತು. ವಿಸ್ತರಣಾ ಶಿಕ್ಷಕರೊಬ್ಬರು ಬೆಳಗಿನ ಕಾಫಿ ಮುಗಿಸುವಷ್ಟರಲ್ಲಿ ಅವರ ಮೊಬೈಲಿಗೆ ಒಂದು ಚಿತ್ರ ಬಂತು. ಎಲೆಯ ತುಂಬ ತೂತು, ಸುಳಿ ಹರಿದು ಚಿಂದಿಯಾಗಿದೆ. ಕೆಳಗೆ ಒಂದೇ ಸಾಲು: 'ಏನು ಹೊಡೀಬೇಕು ಸಾರ್?'

ಅವರು ಚಿತ್ರವನ್ನು ಒಮ್ಮೆ ನೋಡಿದರು. ಹದಿನೇಳು ವರ್ಷಗಳ ಅನುಭವ. ಸುಳಿಯಲ್ಲಿ ತೂತು ಎಂದರೆ ಕಾಂಡಕೊರಕವಲ್ಲದೆ ಮತ್ತೇನು? ಎರಡೇ ನಿಮಿಷದಲ್ಲಿ ಔಷಧಿಯ ಹೆಸರು, ಪ್ರಮಾಣ ಎರಡನ್ನೂ ಬರೆದು ಕಳಿಸಿಬಿಟ್ಟರು. ಆ ದಿನ ಅಂಥ ಚಿತ್ರಗಳು ಇನ್ನೂ ಹತ್ತಾರು ಬಂದಿದ್ದವು. ಎಲ್ಲರಿಗೂ ಬೇಗ ಉತ್ತರ ಕೊಟ್ಟೆನೆಂಬ ಸಮಾಧಾನದಲ್ಲಿ ಅವರು ಕಚೇರಿಗೆ ಹೊರಟರು.

ವಿಸ್ತರಣಾ ಶಿಕ್ಷಕರೆಂದರೆ ಯಾರು ಎಂದು ಮಕ್ಕಳು ಕೇಳಬಹುದು. ಕೃಷಿ ವಿಶ್ವವಿದ್ಯಾಲಯಕ್ಕೆ ಮೂರು ಕೆಲಸ. ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಒಂದು, ಸಂಶೋಧನೆ ಮಾಡುವುದು ಇನ್ನೊಂದು. ಕಂಡುಕೊಂಡದ್ದನ್ನು ರೈತರ ಹೊಲಕ್ಕೆ ಒಯ್ಯುವುದು, ಹೊಲದ ತೊಂದರೆಯನ್ನು ಪ್ರಯೋಗಾಲಯಕ್ಕೆ ತರುವುದು ಮೂರನೆಯದು. ಇದೇ ವಿಸ್ತರಣೆ. ಈ ಶಿಕ್ಷಕರಿಗೆ ಗೋಡೆಗಳಿರುವ ತರಗತಿಯಿಲ್ಲ. ಅವರ ವಿದ್ಯಾರ್ಥಿಗಳಲ್ಲಿ ಅನೇಕರು ಅವರಿಗಿಂತ ಹಿರಿಯರು. ಪಾಠ ತಪ್ಪಿದರೆ ಹೋಗುವುದು ಅಂಕವಲ್ಲ, ಒಂದು ವರ್ಷದ ಅನ್ನ.

ವಾರ ಕಳೆಯಿತು. ಚಿತ್ರ ಕಳಿಸಿದ್ದ ರೈತ ಕಚೇರಿಗೇ ಬಂದರು. ಕೈಯಲ್ಲಿ ಗೊಬ್ಬರದ ಖಾಲಿ ಚೀಲ, ಅದರೊಳಗೆ ಬೇರುಸಹಿತ ಕಿತ್ತು ತಂದ ನಾಲ್ಕು ಗಿಡ. ಜೊತೆಗೆ ಪಿಯುಸಿ ಓದುವ ಮಗಳು.

'ನೀವು ಹೇಳಿದ್ ಔಷಧೀನೇ ಹೊಡ್ದಿವಿ ಸಾರ್. ಹುಳ ಇನ್ನೂ ಜಾಸ್ತಿ ಆಗ್ಯಾವೆ' ಎಂದರು ರೈತ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಆ ಶಿಕ್ಷಕರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಮಗಳು ತನ್ನ ನೋಟ್‌ಬುಕ್ ತೆರೆದು ಮೇಜಿನ ಮೇಲಿಟ್ಟಳು. ಪೆನ್ಸಿಲಿನಿಂದ ಒಂದು ಹುಳುವಿನ ಚಿತ್ರ ಬರೆದಿದ್ದಳು. 'ಕಾಲೇಜಿನ ಲೆನ್ಸ್ ತಂದು ನೋಡಿದೆ ಸಾರ್. ತಲೆ ಮೇಲೆ ಇಂಗ್ಲಿಷ್ ವೈ ಅಕ್ಷರಾನ ತಲೆಕೆಳಗಾಗಿ ಬರೆದಂಗೆ ಬಿಳಿ ಗೆರೆ ಐತೆ. ಬಾಲದ ಹತ್ತಿರ ನಾಲ್ಕು ಕಪ್ಪು ಚುಕ್ಕೆ, ಚೌಕಕ್ಕೆ ಇಟ್ಟಂಗೆ. ಕಾಂಡಕೊರಕಕ್ಕೆ ಹಿಂಗಿರುತ್ತಾ ಸಾರ್?'

ಇರುವುದಿಲ್ಲ. ಅಷ್ಟು ಅವರಿಗೆ ಗೊತ್ತಿತ್ತು. ಇದು ಯಾವ ಹುಳು ಎಂಬುದು ಮಾತ್ರ ಗೊತ್ತಿರಲಿಲ್ಲ. ಚೀಲದಿಂದ ಗಿಡ ತೆಗೆದು ಸುಳಿ ಬಿಡಿಸಿದರು. ಒಳಗೆ ಮರದ ಪುಡಿಯಂತೆ ಹಸಿ ಲದ್ದಿ ತುಂಬಿತ್ತು. ಅದರ ಮರೆಯಲ್ಲಿ ದಪ್ಪ ಹುಳು ಮುದುಡಿ ಕೂತಿತ್ತು. ಏನಾದರೂ ಹೇಳಿ ಕಳಿಸಿಬಿಡಬಹುದಿತ್ತು. ಔಷಧಿಯ ಹೆಸರುಗಳಿಗೇನು ಬರ? ಆದರೆ ಎದುರಿಗಿದ್ದ ಚಿತ್ರ ಹಾಗೆ ಮಾಡಲು ಬಿಡಲಿಲ್ಲ.

'ನನಗೆ ಗೊತ್ತಿಲ್ಲ ಕಣಮ್ಮ. ಕೇಳಿ ಹೇಳ್ತೀನಿ' ಎಂದರು.

ಕೇಳುವುದು ಯಾರನ್ನು? ಹಿಂದಾಗಿದ್ದರೆ ಹುಳುವನ್ನು ಸೀಸೆಯಲ್ಲಿಟ್ಟು ಬಸ್ಸಿನಲ್ಲಿ ವಿಶ್ವವಿದ್ಯಾಲಯಕ್ಕೆ ಕಳಿಸಿ, ಕಾಗದ ಬರುವವರೆಗೆ ಕಾಯಬೇಕಿತ್ತು. ಈಗ ಬೇರೆ ಬೇರೆ ಜಿಲ್ಲೆಗಳ ವಿಸ್ತರಣಾ ಶಿಕ್ಷಕರೂ ಕೀಟಶಾಸ್ತ್ರಜ್ಞರೂ ಸೇರಿ ಮೊಬೈಲಿನಲ್ಲಿ ಕಟ್ಟಿಕೊಂಡ ಒಂದು ಗುಂಪಿತ್ತು. ಅವರೂ ಅದರ ಸದಸ್ಯರೇ. ಆದರೆ ಅಲ್ಲಿಯವರೆಗೆ ಆ ಗುಂಪಿಗೆ ಅವರು ಕಳಿಸಿದ್ದು ಕ್ಷೇತ್ರೋತ್ಸವದ ಫೋಟೊ, ಹಾರ ಹಾಕಿಸಿಕೊಂಡ ಫೋಟೊ, ಹಬ್ಬದ ಶುಭಾಶಯ. ಪ್ರಶ್ನೆಯನ್ನು ಕಳಿಸಿದ್ದೇ ಇಲ್ಲ. ಗುಂಪಿನಲ್ಲಿ ಮೇಲಧಿಕಾರಿಗಳಿದ್ದರು, ಅವರ ಕೈಕೆಳಗೆ ಕಲಿತು ಹೋದ ಹುಡುಗರೂ ಇದ್ದರು. ಅವರೆಲ್ಲರ ಮುಂದೆ ಗೊತ್ತಿಲ್ಲ ಎನ್ನುವುದು ಹೇಗೆ?

ಮಧ್ಯಾಹ್ನದ ಊಟವಾಗುವವರೆಗೂ ಬರೆದು ಬರೆದು ಅಳಿಸಿದರು. ಕೊನೆಗೆ ಹುಡುಗಿಯ ಪೆನ್ಸಿಲ್ ಚಿತ್ರ, ಸುಳಿ ಬಿಡಿಸಿದ ಗಿಡ, ಹುಳುವಿನ ತಲೆ, ಬಾಲ ಎಲ್ಲದರ ಫೋಟೊ ಹಾಕಿ ಹೀಗೆ ಬರೆದರು: 'ಇದನ್ನು ನಾನು ಕಾಂಡಕೊರಕ ಎಂದು ಹೇಳಿ ತಪ್ಪು ಮಾಡಿದ್ದೇನೆ. ಇದು ಯಾವುದು, ಬಲ್ಲವರು ತಿಳಿಸಿ.'

ಅರ್ಧ ಗಂಟೆಯೊಳಗೆ ಉತ್ತರ ಬಂತು. ಅದು ಫಾಲ್ ಸೈನಿಕ ಹುಳು. ಅದೇ ವರ್ಷದ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ಮೆಕ್ಕೆಜೋಳದಲ್ಲಿ ಗುರುತಿಸಿದ್ದರು. ಇಡೀ ಭಾರತದಲ್ಲಿ, ಏಷ್ಯಾದಲ್ಲಿಯೇ, ಅದು ಪತ್ತೆಯಾದದ್ದು ಆಗಲೇ ಮೊದಲು. ಉತ್ತರದ ಹಿಂದೆಯೇ ಇನ್ನೊಂದು ಸಂಗತಿ ನಡೆಯಿತು. ಬೇರೆ ಜಿಲ್ಲೆಯ ಇಬ್ಬರು ಬರೆದರು: 'ನಾವೂ ಕಾಂಡಕೊರಕ ಎಂದೇ ಹೇಳಿಬಿಟ್ಟಿದ್ದೆವು.' ಅವರೂ ಬಾಯಿ ಬಿಡಲು ಯಾರಾದರೊಬ್ಬರು ಮೊದಲು ಮಾತಾಡಲಿ ಎಂದು ಕಾದಿದ್ದರು.

ಈ ಹುಳುವಿನ ಕತೆ ದೊಡ್ಡದು. ಇದರ ತವರು ಅಮೆರಿಕ ಖಂಡ. 1797ರಷ್ಟು ಹಿಂದೆಯೇ ವಿಜ್ಞಾನದ ಪುಸ್ತಕ ಸೇರಿತ್ತು. ಚಳಿ ಇದಕ್ಕೆ ಆಗದು. ಚಳಿಗಾಲದಲ್ಲಿ ಟೆಕ್ಸಾಸ್, ಫ್ಲಾರಿಡಾಗಳ ದಕ್ಷಿಣದ ಬೆಚ್ಚನೆಯ ಅಂಚಿನಲ್ಲಿ ಬದುಕುಳಿದು, ಬೇಸಿಗೆಯಲ್ಲಿ ಉತ್ತರಕ್ಕೆ ಹಾರುತ್ತ ಶರತ್ಕಾಲದ ಹೊತ್ತಿಗೆ ಉತ್ತರದ ರಾಜ್ಯಗಳನ್ನು ಮುಟ್ಟುತ್ತದೆ. ಅಲ್ಲಿ ಶರತ್ಕಾಲಕ್ಕೆ 'ಫಾಲ್' ಎನ್ನುತ್ತಾರೆ. ಹೆಸರು ಬಂದದ್ದು ಹಾಗೆ. ಇದರ ಪತಂಗ ಒಂದೇ ರಾತ್ರಿಯಲ್ಲಿ 100 ಕಿಲೋಮೀಟರಿನವರೆಗೂ ಹಾರಬಲ್ಲದು. ಒಂದು ಹೆಣ್ಣು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. 2018ರಲ್ಲಿ ಕರ್ನಾಟಕ, 2019ರ ಜನವರಿಯಲ್ಲಿ ಚೀನಾ, 2020ರಲ್ಲಿ ಆಸ್ಟ್ರೇಲಿಯಾ. ಯಾವ ಗಡಿಯೂ ಇದನ್ನು ತಡೆಯಲಿಲ್ಲ.

ಹುಳು ಹೀಗೆ ಹಾರುವಾಗ ಅದನ್ನು ಕುರಿತ ತಿಳಿವಳಿಕೆ ಟಪಾಲಿನಲ್ಲಿ ನಡೆದು ಬಂದರೆ ಸಾಲದು. ಅಮೆರಿಕದ ವಿಸ್ತರಣಾ ಶಿಕ್ಷಕರು ಇದನ್ನು ಮೊದಲೇ ಕಂಡುಕೊಂಡಿದ್ದರು. ಯಾವ ರಾಜ್ಯದ ಬಲೆಗೆ ಎಷ್ಟು ಪತಂಗ ಬಿದ್ದವೆಂದು ಅವರು ಒಬ್ಬರಿಗೊಬ್ಬರು ತಿಳಿಸುತ್ತಾರೆ. ದಕ್ಷಿಣದವರ ಲೆಕ್ಕ ಉತ್ತರದವರಿಗೆ ಮುನ್ನೆಚ್ಚರಿಕೆ. ತಲೆಕೆಳಗಾದ ವೈ, ಚೌಕಕ್ಕಿಟ್ಟ ನಾಲ್ಕು ಚುಕ್ಕೆ ಎಂಬ ಗುರುತುಗಳನ್ನು ಅವರು ಎಂದೋ ಚಿತ್ರಸಹಿತ ಅಂತರಜಾಲದಲ್ಲಿ ಇಟ್ಟಿದ್ದರು. 2008ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳ ವಿಸ್ತರಣಾ ವಿಭಾಗಗಳು ಸೇರಿ 'ಎಕ್ಸ್‌ಟೆನ್ಷನ್' ಎಂಬ ಹೆಸರಿನಲ್ಲಿಯೇ ಒಂದು ಜಾಲವನ್ನು ಸಾರ್ವಜನಿಕರಿಗೆ ತೆರೆದವು. ಮನೆಯ ಹಿತ್ತಲಿನ ಟೊಮೆಟೊ ಬಾಡಿದರೂ ಅಲ್ಲಿ ಪ್ರಶ್ನೆ ಹಾಕಬಹುದಿತ್ತು. ತನ್ನ ರಾಜ್ಯದವರಿಗೆ ಉತ್ತರ ತಿಳಿಯದಿದ್ದರೆ ಪ್ರಶ್ನೆಯನ್ನು ಬೇರೆ ರಾಜ್ಯದ ತಜ್ಞರಿಗೆ ದಾಟಿಸುತ್ತಿದ್ದರು. ದಾಟಿಸುವುದೆಂದರೆ ನಮಗೆ ತಿಳಿಯದು ಎಂದು ಒಪ್ಪಿಕೊಳ್ಳುವುದೇ. ಅಲ್ಲಿ ಅದು ಅವಮಾನವಾಗಿರಲಿಲ್ಲ, ಕೆಲಸದ ಕ್ರಮವಾಗಿತ್ತು.

ಈ ಪರಂಪರೆಯೂ ಹುಳುವಿನಿಂದಲೇ ಬಲಗೊಂಡದ್ದು ಸೋಜಿಗ. ಹತ್ತಿಯ ಮೂತಿಹುಳು ಮೆಕ್ಸಿಕೊ ಗಡಿ ದಾಟಿ 1892ರ ಹೊತ್ತಿಗೆ ಟೆಕ್ಸಾಸ್‌ಗೆ ನುಗ್ಗಿತ್ತು. ರೈತರಿಗೆ ದಿಕ್ಕು ತೋಚದ ಆ ದಿನಗಳಲ್ಲಿ ಸೀಮನ್ ನ್ಯಾಪ್ ಎಂಬ ಹಿರಿಯರು 1903ರಲ್ಲಿ ಟೆಕ್ಸಾಸ್‌ನ ಟೆರೆಲ್ ಎಂಬ ಊರಿನಲ್ಲಿ ರೈತರೊಬ್ಬರ ಸ್ವಂತ ಹೊಲದಲ್ಲೇ ಪ್ರಾತ್ಯಕ್ಷಿಕೆ ಏರ್ಪಡಿಸಿದರು. ಹೊಸ ವಿಧಾನದಿಂದ ನಷ್ಟವಾದರೆ ತುಂಬಿಕೊಡಲು ಊರಿನವರೇ ಹಣ ಕೂಡಿಸಿ ತೆಗೆದಿಟ್ಟಿದ್ದರು. ಬೆಳೆ ಚೆನ್ನಾಗಿ ಬಂದು ಆ ಹಣವನ್ನು ಮುಟ್ಟುವ ಸಂದರ್ಭ ಬರಲಿಲ್ಲ. 1906ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ರೂಪಿಸಿದ ಗಾಡಿಯೊಂದು ಕೃಷಿ ಉಪಕರಣ, ಬೀಜಗಳನ್ನು ಹೇರಿಕೊಂಡು ಬಡ ಕಪ್ಪು ರೈತರ ಬಾಗಿಲಿಗೇ ಶಾಲೆಯಾಗಿ ಹೋಯಿತು. 1914ರಲ್ಲಿ ವಿಸ್ತರಣೆಗೆ ಕಾಯಿದೆಯ ಬಲ ಬಂತು. ಬೋಧನೆ, ಸಂಶೋಧನೆ, ವಿಸ್ತರಣೆ ಒಂದೇ ಸೂರಿನಡಿ ಇರಬೇಕೆಂಬ ಅದೇ ಮಾದರಿಯಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಆರಂಭವಾಯಿತು. ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯ ಅದಕ್ಕೆ ನೆರವಾಗಿತ್ತು.

ಟೆರೆಲ್ ಊರಿನ ಸಂಗತಿಯನ್ನು ಈ ಶಿಕ್ಷಕರು ಪದವಿ ತರಗತಿಯಲ್ಲಿ ಓದಿದ್ದರು, ಪರೀಕ್ಷೆಯಲ್ಲಿ ಬರೆದೂ ಇದ್ದರು. ಆದರೆ ಗುಂಪಿನ ಉತ್ತರ ಹಿಡಿದುಕೊಂಡು ಅಂದು ಸಂಜೆ ಬೈಕಿನಲ್ಲಿ ಆ ರೈತನ ಊರಿಗೆ ಹೋಗುವಾಗ ಅದು ಬೇರೆಯಾಗಿ ನೆನಪಾಯಿತು. ಅಲ್ಲಿ ಸಲಹೆ ತಪ್ಪಿದರೆ ನಷ್ಟ ಹೊರಲು ಒಂದು ಊರೇ ನಿಂತಿತ್ತು. ತಾನು ಎರಡು ನಿಮಿಷದಲ್ಲಿ ಕಳಿಸಿದ ಉತ್ತರದ ನಷ್ಟವನ್ನು ಹೊತ್ತದ್ದು ಯಾರು?

ಹೊಲದಲ್ಲಿ ನಿಂತಾಗ ಫೋಟೊದಲ್ಲಿ ಕಾಣದ ಎಷ್ಟೋ ವಿಷಯ ಕಂಡವು. ಹುಳು ಹಗಲು ಸುಳಿಯೊಳಗೆ ಅಡಗಿರುತ್ತದೆ. ಮಟ ಮಟ ಮಧ್ಯಾಹ್ನ ಎಲೆಯ ಮೇಲೆ ಔಷಧಿ ಹೊಡೆದರೆ ಅದಕ್ಕೆ ತಾಗುವುದೇ ಇಲ್ಲ. ಬೆಳಿಗ್ಗೆ ಬೇಗ ಅಥವಾ ಸಂಜೆ, ಸುಳಿಯೊಳಕ್ಕೇ ಬೀಳುವಂತೆ ಹೊಡೆಯಬೇಕು. ಹುಳು ಚಿಕ್ಕದಿದ್ದಾಗ ಬೇವಿನ ಬೀಜದ ಕಷಾಯವೂ ನಡೆಯುತ್ತದೆ. ಬಲಿತ ಮೇಲೆ ಯಾವುದಕ್ಕೂ ಸುಲಭವಾಗಿ ಬಗ್ಗದು. ಮೊಟ್ಟೆಯ ಗುಂಪುಗಳನ್ನು ಕೈಯಲ್ಲೇ ಹೊಸಕಿ ಹಾಕಬಹುದು. ಅಕ್ಕಿತೌಡು, ಬೆಲ್ಲ ಕಲಸಿ ಹುದುಗು ಬರಿಸಿ ವಿಷಪಾಷಾಣ ಮಾಡಿ ಸುಳಿಗೆ ಇಡುವ ವಿಧಾನವೂ ಇದೆ. ಅಪ್ಪ, ಮಗಳು, ಶಿಕ್ಷಕರು ಮೂವರೂ ಕತ್ತಲಾಗುವವರೆಗೆ ಸಾಲು ಸಾಲು ನಡೆದು, ಎಷ್ಟು ಗಿಡಕ್ಕೆ ಹುಳು ಬಿದ್ದಿದೆ ಎಂದು ಲೆಕ್ಕ ಹಾಕಿದರು. ಬರೆದುಕೊಂಡವಳು ಹುಡುಗಿ.

ಬೆಳೆ ಪೂರ್ತಿ ಉಳಿಯಲಿಲ್ಲ. ತಡವಾಗಿತ್ತು. ಕೊಯ್ಲಿನಲ್ಲಿ ಇಳುವರಿ ಕಡಿಮೆಯಾಯಿತು. ಆದರೆ ಆ ಊರಿನ ಉಳಿದ ಹೊಲಗಳಿಗೆ ಎಚ್ಚರಿಕೆ ಸಮಯಕ್ಕೆ ಸರಿಯಾಗಿ ಮುಟ್ಟಿತ್ತು. ಲೆಕ್ಕದ ಪುಸ್ತಕ ಹಿಡಿದು ಹುಡುಗಿಯೇ ಮನೆಮನೆಗೆ ಹೋಗಿ ಗುರುತು ತೋರಿಸಿದ್ದಳು.

ಶಿಕ್ಷಕರು ತಮ್ಮ ತಪ್ಪನ್ನು ರೈತನ ಮನೆಯ ಜಗಲಿಯಲ್ಲಿ ಕೂತು ಒಪ್ಪಿಕೊಂಡರು. ರೈತ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಗೊತ್ತಿಲ್ಲ ಅಂತ ಮೊದಲನೇ ದಿನಾನೇ ಅಂದಿದ್ರೆ ಔಷಧಿ ದುಡ್ಡಾದ್ರೂ ಉಳೀತಿತ್ತು ಸಾರ್' ಎಂದರು. ಆಮೇಲೆ ಒಳಗೆ ತಿರುಗಿ, ಚಹಾ ತರಲು ಹೇಳಿದರು.

ಆ ಮಾತು ಅವರ ಕೆಲಸದ ರೀತಿಯನ್ನೇ ಬದಲಿಸಿತು. ಈಗ ಒಂದು ಫೋಟೊ ಬಂದ ತಕ್ಷಣ ಅವರು ಉತ್ತರ ಬರೆಯುವುದಿಲ್ಲ. ಬೆಳೆಗೆ ಎಷ್ಟು ದಿನ, ಈಗಾಗಲೇ ಏನು ಹೊಡೆದಿದ್ದೀರಿ, ಹೊಲದ ಒಂದು ಮೂಲೆಯಲ್ಲೋ ಎಲ್ಲ ಕಡೆಯೋ ಎಂದು ಕೇಳುತ್ತಾರೆ. ಹುಳುವನ್ನು ಹತ್ತಿರದಿಂದ, ಗಿಡವನ್ನು ಪೂರ್ತಿಯಾಗಿ, ಹೊಲವನ್ನು ದೂರದಿಂದ ಹೀಗೆ ಮೂರು ಚಿತ್ರ ತರಿಸಿಕೊಳ್ಳುತ್ತಾರೆ. ಅನುಮಾನವಿದ್ದರೆ ಗುಂಪಿನಲ್ಲಿ ಕೇಳುತ್ತಾರೆ. ಅದಕ್ಕೂ ತಿಳಿಯದಿದ್ದರೆ ಬೈಕ್ ತೆಗೆಯುತ್ತಾರೆ. ಜಾಲದಲ್ಲಿ ಸುಳ್ಳೂ ನಿಜದಷ್ಟೇ ವೇಗವಾಗಿ ಓಡುತ್ತದೆ. ಹೆಸರಿಲ್ಲದವರು ಬರೆದ 'ಒಂದೇ ದಿನದಲ್ಲಿ ಹುಳು ನಾಶ' ಎಂಬ ಸಂದೇಶಗಳು ಊರೂರು ಸುತ್ತುತ್ತವೆ. ಅದಕ್ಕಾಗಿ, ಯಾರು ಹೇಳಿದರು, ಎಲ್ಲಿ ಮಾಡಿ ನೋಡಿದರು ಎಂದು ಕೇಳದೆ ಅವರು ಯಾವ ಸಲಹೆಯನ್ನೂ ಮುಂದಕ್ಕೆ ಕಳಿಸುವುದಿಲ್ಲ.

ಗುಂಪೂ ಬದಲಾಗಿದೆ. ಹಾರದ ಫೋಟೊಗಳು ಇಂದಿಗೂ ಬರುತ್ತವೆ. ಆದರೆ ವಾರಕ್ಕೆ ನಾಲ್ಕಾರು ನಿಜವಾದ ಪ್ರಶ್ನೆಗಳೂ ಬರುತ್ತವೆ. ನಿವೃತ್ತಿಗೆ ಹತ್ತಿರವಿರುವ ಹಿರಿಯರು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರನ್ನು ಕೇಳುತ್ತಾರೆ.

ಮನೆಯಲ್ಲಿ ಮಕ್ಕಳು 'ಗೊತ್ತಿಲ್ಲ' ಎಂದರೆ ತಂದೆತಾಯಿಗಳಿಗೆ ಸಿಟ್ಟು ಬರುತ್ತದೆ. ತರಗತಿಯಲ್ಲಿ ಎಂದರೆ ಪಕ್ಕದವರು ನಗುತ್ತಾರೆ. ಹೀಗಾಗಿ ಮಗು ಬೇಗನೆ ಏನಾದರೊಂದು ಉತ್ತರ ಹೇಳಿ ಪಾರಾಗುವುದನ್ನು ಕಲಿಯುತ್ತದೆ. ಮುಂದೆ ದೊಡ್ಡವನಾಗಿ, ಕೆಲಸ ಹಿಡಿದು, ಎರಡು ನಿಮಿಷದಲ್ಲಿ ಔಷಧಿಯ ಹೆಸರು ಬರೆದು ಕಳಿಸುವುದು ಅದೇ ಮಗು. ಗೊತ್ತಿಲ್ಲ ಎಂಬ ಮಾತಿನ ಹಿಂದೆ 'ಕೇಳಿ ತಿಳಿಯುತ್ತೇನೆ' ಎಂಬ ಇನ್ನೊಂದು ಮಾತು ಇದ್ದರೆ, ಅದನ್ನು ದಡ್ಡತನವೆಂದು ಬಗೆಯಬೇಕಿಲ್ಲ. ಕಾಲೇಜಿನ ಲೆನ್ಸ್ ತಂದು ಹುಳುವಿನ ತಲೆ ನೋಡಿದ ಹುಡುಗಿ ಮಾಡಿದ್ದು ಅಷ್ಟೇ.

ಆಕೆಯ ಪೆನ್ಸಿಲ್ ಚಿತ್ರ ಇಂದಿಗೂ ಆ ಶಿಕ್ಷಕರ ಮೇಜಿನ ಗಾಜಿನ ಕೆಳಗಿದೆ. ತರಬೇತಿಗೆ ಬರುವ ಹೊಸಬರು ಇದೇನು ಸಾರ್ ಎಂದು ಕೇಳಿದರೆ ಅವರು ಹುಳುವಿನ ಹೆಸರನ್ನು ಆಮೇಲೆ ಹೇಳುತ್ತಾರೆ. ಮೊದಲು, ತಾವು ಅದಕ್ಕೆ ಕೊಟ್ಟಿದ್ದ ತಪ್ಪು ಹೆಸರನ್ನು ಹೇಳುತ್ತಾರೆ.