ಕೆಂಪು ಪದರ

2003ರ ಬೇಸಿಗೆ. ಮಳೆ ಕೈಕೊಟ್ಟಿತ್ತು. ಹುಕ್ಕೇರಿ ತಾಲ್ಲೂಕಿನ ನಮ್ಮ ಹೊಲದ ಬಾವಿ ಬತ್ತಿತ್ತು. ಇನ್ನೊಂದಷ್ಟು ಆಳ ತೆಗೆಯೋಣ ಎಂದು ಮನೆಯವರೇ ಇಳಿದೆವು.

ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಆಮೇಲೆ ಕರಿಕಲ್ಲು. ಕಲ್ಲು ದಾಟಿದ ಮೇಲೆ ಮೊಳದಷ್ಟು ದಪ್ಪದ ಕೆಂಪು ಮಣ್ಣು ಸಿಕ್ಕಿತು. ಅದರ ಕೆಳಗಿನ ಕಲ್ಲಿನ ತುಂಬ ತೂತು, ತೂತಿನೊಳಗೆ ಬಿಳಿ ಹರಳು. ಅಲ್ಲಿಂದಲೇ ನೀರು ಜಿನುಗಿತು.

ಆ ರಾತ್ರಿ ಅಡ್ಡಮಳೆ ಬಂತು. ಬೆಳಿಗ್ಗೆ ನಾನು ಕೆಳಗಿಳಿದು ಬುಟ್ಟಿ ತುಂಬುತ್ತಿದ್ದೆ. ತಲೆಯ ಮೇಲೆ ಮಣ್ಣು ಉದುರಿತು. ಸರಿಯುವಷ್ಟರಲ್ಲಿ ಕೆಂಪು ಪದರ ಜಾರಿತು. ಅದರ ಮೇಲಿದ್ದ ಕರಿಕಲ್ಲೂ ಬಿತ್ತು. ಎಡಗಾಲು ಕಲ್ಲಿನಡಿ ಸಿಕ್ಕಿತು. ಎದೆಮಟ್ಟ ಮಣ್ಣು.

“ಉಸರಾಡಾಕ ಬರತೈತೇನೋ?” ಕಾಕಾ ಮೇಲಿನಿಂದ ಕೂಗಿದ.

“ಬರತೈತಿ ಕಾಕಾ.”

“ಅಳ್ಳಾಡಬ್ಯಾಡ. ಬಂದ್ನಿ.”

ಹಗ್ಗ ಕಟ್ಟಿಕೊಂಡು ಇಳಿದ. ಸಲಿಕೆ ಬಳಸಲಿಲ್ಲ, ಕೈಯಿಂದಲೇ ಮಣ್ಣು ತೋಡಿದ. ಮೊದಲು ನೋವಿತ್ತು. ಆಮೇಲೆ ಕಾಲೇ ಇಲ್ಲದಂತಾಯಿತು. ಅದಕ್ಕೇ ಹೆಚ್ಚು ಹೆದರಿದೆ. ಕೆಳಗೆ ನೀರು ಏರುತ್ತಿತ್ತು. ತಿಂಗಳುಗಟ್ಟಲೆ ಬೇಡಿದ ನೀರು ಈಗ ನಿಲ್ಲಲಿ ಎಂದು ಬೇಡಿಕೊಂಡೆ. ಪಕ್ಕದ ಹೊಲದವರು ಇಂಜಿನ್ ತಂದು ನೀರೆತ್ತಿದರು. ತಂಬಿಗೆಯಲ್ಲಿ ಕುಡಿಯುವ ನೀರು ಇಳಿಬಿಟ್ಟರು. ಹಾರಿ ಕೊಟ್ಟು ಕಲ್ಲು ಎತ್ತುವಾಗ ಹೊತ್ತು ಇಳಿದಿತ್ತು.

ಟ್ರ್ಯಾಕ್ಸ್‌ನಲ್ಲಿ ಮಲಗಿಸಿ ಗೋಕಾಕಕ್ಕೆ ಒಯ್ದರು. ಗಾಡಿ ಕುಲುಕಿದಾಗೆಲ್ಲ ಚೀರಿದೆ. ಮೊಣಕಾಲ ಕೆಳಗೆ ಎಲುಬು ಮುರಿದಿತ್ತು. ಕಾಲು ಉಳಿಯಿತು. ಮೂಡಲಗಿಯ ಅಕ್ಕ ಆಸ್ಪತ್ರೆಯಲ್ಲಿ ಜೊತೆಗಿದ್ದು ರೊಟ್ಟಿ ಮುರಿದು ತಿನ್ನಿಸಿದಳು.

ಮುಂದೆ ಅಂತರ್ಜಲದ ಕೆಲಸ ಬಲ್ಲ ಅಧಿಕಾರಿಯೊಬ್ಬರು ಬಾವಿ ನೋಡಲು ಬಂದರು. ಆ ಮಣ್ಣು ಯಾಕೆ ಜಾರಿತು ಎಂದು ಕೇಳಿದೆ. ನಮ್ಮ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಎಂದರು. ಅಂಡಮಾನಿನ ಬ್ಯಾರನ್ ದ್ವೀಪದಲ್ಲಿರುವಂಥ ಶಂಕುವಿನಾಕಾರದ ಜ್ವಾಲಾಮುಖಿ ಇಲ್ಲಿರಲಿಲ್ಲ. ಭೂಮಿ ಉದ್ದಕ್ಕೆ ಸೀಳಿ, ತೆಳು ಲಾವಾ ಹೊರಬಂದು ದೂರದವರೆಗೆ ಹರಡಿತು. ಹೀಗೆ ಮತ್ತೆ ಮತ್ತೆ ಹರಿದು ಪದರ ಪದರವಾಯಿತು. ಪ್ರತಿ ಪದರದ ಮೇಲ್ಭಾಗದಲ್ಲಿ ಅನಿಲದ ಗುಳ್ಳೆಗಳು ಉಳಿದು ತೂತಾದವು. ಎರಡು ಹರಿವಿನ ನಡುವೆ ಬಿಡುವು ಸಿಕ್ಕಾಗ ಮೇಲಿನ ಕಲ್ಲು ಸವೆದು ಮಣ್ಣಾಯಿತು. ಮುಂದಿನ ಲಾವಾ ಅದನ್ನು ಮುಚ್ಚಿ ಸುಟ್ಟಿತು. ಅದೇ ಕೆಂಪು ಪದರ. ನೀರು ಕುಡಿದರೆ ಮೆತ್ತಗಾಗುತ್ತದೆ. ಮೇಲಿನ ಕಲ್ಲಿಗೆ ಆಸರೆ ತಪ್ಪುತ್ತದೆ.

ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಧುಮುಕುವುದು ಬೇರೆ ಕಲ್ಲಿನ ಮೇಲಿನಿಂದ. ಅದು ಮರಳುಗಲ್ಲು, ಲಾವಾಕ್ಕಿಂತ ಬಹಳ ಹಳೆಯದು ಎಂದೂ ಹೇಳಿದರು.

ಕೆಂಪು ಪದರದ ಸುತ್ತ ಕಲ್ಲು ಸಿಮೆಂಟಿನ ಗೋಡೆ ಕಟ್ಟಿಸಿ ಬಾವಿ ಮುಗಿಸಿದೆವು. ಈಗ ಅದರಲ್ಲಿ ನೀರಿದೆ. ನಾನು ಕುಂಟುತ್ತೇನೆ. ಬಾವಿ ತೋಡುವವರು ಕೇಳಲು ಬಂದರೆ ಎರಡೇ ಮಾತು ಹೇಳುತ್ತೇನೆ: ಕೆಂಪು ಕಂಡರೆ ಮೊದಲು ಗೋಡೆ ಕಟ್ಟಿರಿ. ಮಳೆಯಾದ ಮರುದಿನ ಇಳಿಯಬೇಡಿ.