ಐರ್ಲೆಂಡಿನ ಸಂಜಯರು

ಐರ್ಲೆಂಡಿನಲ್ಲಿ ಹರ್ಲಿಂಗ್ ಎಂಬ ಆಟವೊಂದುಂಟು. ಪಕ್ಷಕ್ಕೆ 15 ಮಂದಿ. ಕೈಯಲ್ಲಿ ತುದಿ ಬಾಗಿದ ಮರದ ಕೋಲು. ಚರ್ಮ ಹೊದಿಸಿದ ಚಿಕ್ಕ ಚೆಂಡು. ಎದುರಿಗೆ ನಿಂತು ನೋಡುವವರ ಕಣ್ಣೇ ಸೋಲುವಷ್ಟು ವೇಗ. ಇಂಥದನ್ನು ಬರಿಯ ಮಾತಿನಿಂದ ಕಾಣಿಸುತ್ತೇನೆಂದು ಹೊರಡುವುದು ಸಾಹಸವೇ ಸರಿ. ಡಬ್ಲಿನ್ನಿನ ಬಾನುಲಿ ನಿಲಯವು ತಾನು ಹುಟ್ಟಿದ ವರ್ಷವೇ ಆ ಸಾಹಸಕ್ಕಿಳಿಯಿತು. 1926ರ ಆಗಸ್ಟ್ 29ರಂದು ಕಿಲ್ಕೆನಿ ಮತ್ತು ಗಾಲ್ವೇ ತಂಡಗಳ ಪಂದ್ಯವನ್ನು ಪಿ. ಡಿ. ಮೆಹಿಗನ್ ಎಂಬ ಪತ್ರಕರ್ತರು ಮೈದಾನದಿಂದಲೇ ವಿವರಿಸಿದರು. ಯೂರೋಪಿನಲ್ಲಿ ಮೈದಾನದ ಆಟಕ್ಕೆ ನೇರ ವೀಕ್ಷಕ ವಿವರಣೆ ದೊರೆತದ್ದು ಅದೇ ಮೊದಲೆನ್ನುತ್ತಾರೆ.

ಈ ಕೋಲು ಚೆಂಡುಗಳಿಗೆ ಪುರಾಣದ ನಂಟೂ ಉಂಟು. ಸೆತಾಂತನೆಂಬ ಬಾಲಕ ಚೆಂಡನ್ನು ಹೊಡೆದು, ಅದರ ಬೆನ್ನಿಗೇ ಕೋಲನ್ನೆಸೆದು, ನೆಲಕ್ಕೆ ಬೀಳುವ ಮೊದಲೇ ಓಡಿ ಹಿಡಿಯುತ್ತ ರಾಜಧಾನಿಗೆ ಹೋದನಂತೆ. ಮುಂದೆ ಕುಲನ್ ಎಂಬ ಕಮ್ಮಾರನ ಕಾವಲುನಾಯಿಯನ್ನು ಕೊಂದು, ಅದರ ಬದಲು ತಾನೇ ಕಾವಲಿರುವೆನೆಂದು ‘ಕುಲನ್ನನ ನಾಯಿ’, ಅಂದರೆ ಕೂಹುಲಿನ್, ಎನಿಸಿಕೊಂಡ. ನನ್ನ ಮನಸ್ಸನ್ನು ಹಿಡಿದದ್ದು ಈ ಶೌರ್ಯಕ್ಕಿಂತ ಅದನ್ನು ಹೇಳಿರುವ ಬಗೆ. ಹಳೆಯ ಕಥೆಯಲ್ಲಿ ಈ ಬಾಲಲೀಲೆಗಳು ನಮ್ಮ ಕಣ್ಣೆದುರು ನಡೆಯುವುದೇ ಇಲ್ಲ. ನಾಡು ತೊರೆದು ಶತ್ರುಪಾಳೆಯ ಸೇರಿದ ಫೆರ್ಗಸ್ ಮತ್ತು ಅವನ ಸಂಗಡಿಗರು ಅವನ್ನು ರಾಣಿ ಮೇವಳಿಗೂ ಅವಳ ಪತಿಗೂ ಬಣ್ಣಿಸುತ್ತಾರೆ. ನಮ್ಮ ಸಂಜಯ ಕುರುಡು ದೊರೆಗೆ ಹೇಳಿದ. ಇವರು ಹಗೆಗಳಿಗೆ ತಮ್ಮೂರ ಹುಡುಗನ ಕಥೆ ಹೇಳಿದರು. ದನಿಯಲ್ಲಿನ ಹೆಮ್ಮೆಯನ್ನು ಅಡಗಿಸಲು ಅವರಿಂದಾಗಲಿಲ್ಲ!

1928ರಲ್ಲಿ ಬಾನುಲಿ ನಿಲಯವು ಡಬ್ಲಿನ್ನಿನ ದೊಡ್ಡ ಅಂಚೆ ಕಚೇರಿಯ ಕಟ್ಟಡಕ್ಕೆ ಬಂತು. 1935ರಲ್ಲಿ ಕೂಹುಲಿನ್ನನ ಕಂಚಿನ ವಿಗ್ರಹವೂ ಅಲ್ಲಿಗೇ ಬಂತು. ನೆರೆಹೊರೆ ಚೆನ್ನಾಗಿಯೇ ಕೂಡಿತು.

ಅಲ್ಲಿನ ಇಬ್ಬರು ಮಹಾ ವಿವರಣೆಕಾರರು ಮೈಕಿನ ಮುಂದೆ ಕುಳಿತದ್ದು 18ರ ಪ್ರಾಯದಲ್ಲಿ. ನಮ್ಮ ಮೊದಲ ವರ್ಷದ ಬಿ.ಎ. ತರಗತಿಯವರ ಪ್ರಾಯ. 1938ರಲ್ಲಿ ಬಂದವರು ಮೀಹಾಲ್ ಓಹೇರ್. 1947ರಲ್ಲಿ ಗೇಲಿಕ್ ಫುಟ್‌ಬಾಲಿನ ಅಂತಿಮ ಪಂದ್ಯ ಕಡಲಾಚೆಯ ನ್ಯೂಯಾರ್ಕಿನಲ್ಲಿ ನಡೆಯಿತು. ನೂರು ವರ್ಷಗಳ ಹಿಂದಿನ ಮಹಾಕ್ಷಾಮದಲ್ಲಿ ಹಡಗು ಹತ್ತಿ ಹೋದವರ ನೆನಪಿಗಾಗಿ ಈ ಏರ್ಪಾಡು. ಆಟ ತಡವಾಗಿ ಮೊದಲಾಯಿತು. ಬಾಡಿಗೆಗೆ ಹಿಡಿದ ತಂತಿಯ ಅವಧಿ ಮುಗಿಯತೊಡಗಿತು. ದಾರಿಯಲ್ಲಿ ಯಾರಾದರೂ ಕೇಳುತ್ತಿದ್ದರೆ ದಯವಿಟ್ಟು ಇನ್ನೈದು ನಿಮಿಷ ತಂತಿ ಕಡಿಯಬೇಡಿರೆಂದು ಓಹೇರ್ ಮೈಕಿನಲ್ಲಿಯೇ ಅಂಗಲಾಚಿದರು. ತಂತಿ ಕಡಿಯಲಿಲ್ಲ. ಕ್ಯಾವನ್ ತಂಡ ಕೆರಿಯನ್ನು ಸೋಲಿಸಿದ್ದು ಐರ್ಲೆಂಡಿನ ಮನೆಮನೆಗೂ ಕೇಳಿಸಿತು.

ಇನ್ನೊಬ್ಬರು ಮೀಹಾಲ್ ಓ ಮುರ್ಹರ್ಟಿ. 1949ರಲ್ಲಿ ಐರಿಷ್ ಭಾಷೆಯಲ್ಲಿ ತೊಡಗಿ 2010ರವರೆಗೆ ಹೇಳಿದರು, 2024ರಲ್ಲಿ ತೀರಿಕೊಂಡರು. ಆಟಗಾರನ ತಂದೆ ತಾಯಿ, ಊರು ಕೇರಿ ಎಲ್ಲವೂ ಅವರ ನಾಲಗೆಯ ತುದಿಯಲ್ಲಿ. ಕಾರ್ಕ್ ತಂಡದ ಶಾನ್ ಓಗ್ ಓ ಹಾಲ್ಪಿನ್ ಚೆಂಡು ಹಿಡಿದಾಗ, ಇವನ ತಂದೆ ಫರ್ಮಾನಾದವರು, ತಾಯಿ ಫಿಜಿಯವರು, ಎರಡೂ ಹರ್ಲಿಂಗಿಗೆ ಹೆಸರಾದ ಸೀಮೆಗಳಲ್ಲ ಎಂಬರ್ಥದ ಮಾತನ್ನು ಓಟದ ನಡುವೆಯೇ ಸೇರಿಸಿಬಿಟ್ಟರು. ಇದು ಬರಿಯ ಚಮತ್ಕಾರವೆಂದು ನಾನು ಒಪ್ಪಲಾರೆ. ಅಲ್ಲಿ ಆಟಗಾರರಿಗೆ ಸಂಬಳವಿಲ್ಲ. ಹುಟ್ಟೂರಿನ ಸಂಘಕ್ಕಾಗಿ, ತಮ್ಮ ಸೀಮೆಗಾಗಿ ಆಡುತ್ತಾರೆ. ಊರನ್ನು ಬಿಟ್ಟರೆ ಹೇಳುವುದಕ್ಕೆ ಇನ್ನೇನುಂಟು? ಕಳೆದ ಕ್ರೀಡಾಕೂಟದಲ್ಲಿ ಕಬಡ್ಡಿಗೆ ಧ್ವನಿವರ್ಧಕ ನನ್ನ ಕೈಗೆ ಬಂದಿತ್ತು. ‘ಏಳನೆಯ ನಂಬರಿನವರು’ ಎಂದಾಗ ಸುಮ್ಮನಿದ್ದ ಜನ, ಆತನ ಹಳ್ಳಿಯ ಹೆಸರು ಹೇಳಿದೊಡನೆ ಎದ್ದು ನಿಂತಿದ್ದರು.

2023ರ ಏಪ್ರಿಲಿನಲ್ಲಿ ಐರಿಷ್ ಬಾನುಲಿಯ ದೀರ್ಘತರಂಗ ಪ್ರಸಾರ ನಿಂತಿತು. ಇಂಗ್ಲೆಂಡಿನಲ್ಲಿ ನೆಲೆಸಿದ ಐರಿಷ್ ವೃದ್ಧರು ಭಾನುವಾರದ ಆಟ ಕೇಳಲು ಅದನ್ನು ನೆಚ್ಚಿದ್ದರು. ಅಂತರ್ಜಾಲದಲ್ಲಿ ದೊರೆಯುತ್ತದಲ್ಲ ಎಂದು ಯಾರಾದರೂ ಹೇಳಬಹುದು. ದೊರೆಯುತ್ತದೆ, ನಾನು ಕೇಳಿದ್ದೂ ಅಲ್ಲಿಯೇ. ಆದರೆ ಹುಟ್ಟೂರಿನ ಹೆಸರು ಕಿವಿಗೆ ಬಿದ್ದೀತೆಂದು ಕಾದು ಕುಳಿತ ಮುದುಕನಿಗೂ, ಅದು ಯಾವ ದಿಕ್ಕಿನಲ್ಲಿದೆಯೆಂದೂ ಅರಿಯದ ನನಗೂ ಒಂದೇ ಏರ್ಪಾಡು ಸಾಕೆಂದರೆ ನನಗೇನೋ ಸರಿದೋರುವುದಿಲ್ಲ.