ಅರ್ಧ ಅಂಕದ ಋಣ

ಕಾಸರಗೋಡಿನ ನಮ್ಮ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದ ದಿನಗಳಲ್ಲಿ, ಉದ್ಧರಣ ಚಿಹ್ನೆಯ ಹೊರಗೆ ಪೂರ್ಣವಿರಾಮವಿಟ್ಟ ವಿದ್ಯಾರ್ಥಿಯೋರ್ವನ ಅರ್ಧ ಅಂಕವನ್ನು ನಿರ್ದಾಕ್ಷಿಣ್ಯವಾಗಿ ಕಳೆದಿದ್ದೆ. ಇತ್ತೀಚೆಗೆ ಆತನೇ ಗಣಕಯಂತ್ರದ ತಂತ್ರಾಂಶವೊಂದರ ಕನ್ನಡ ಕೈಪಿಡಿಯನ್ನು ತಿದ್ದಿಕೊಡಬೇಕೆಂದು ನನ್ನಲ್ಲಿಗೆ ತಂದನು. ಟೈಪು ಮಾಡಬೇಕಾದ ಆದೇಶದೊಂದಿಗೆ ವಾಕ್ಯ ಮುಗಿದಲ್ಲೆಲ್ಲ ಪೂರ್ಣವಿರಾಮವು ಉದ್ಧರಣ ಚಿಹ್ನೆಯ ಹೊರಗಿತ್ತು. ಹಳೆಯ ಅಭ್ಯಾಸದಂತೆ ಕೆಂಪು ಶಾಯಿಯಿಂದ ಅದನ್ನು ಒಳಕ್ಕೆ ಸೇರಿಸಿದೆ.

ಆತನು ವಿನಯದಿಂದ, “ಮಾಷ್ಟ್ರೇ, ಚಿಹ್ನೆಯ ಒಳಗಿದ್ದುದನ್ನು ಓದುಗರು ಹಾಗೆಯೇ ಟೈಪು ಮಾಡುತ್ತಾರೆ. ಚುಕ್ಕೆಯೂ ಸೇರಿದರೆ ಆದೇಶವೇ ತಪ್ಪಾದೀತು” ಎಂದನು.

ನಾನು ನಿರುತ್ತರನಾದೆ. ಆಡಿದವನ ಮಾತು ಪೂರ್ಣವಾಕ್ಯವಾಗಿದ್ದರೆ ವಿರಾಮ ಒಳಗಿರಲಿ. ಅದು ಬರೆದವನ ವಾಕ್ಯದ್ದಾದರೆ ಹೊರಗಿರುವುದೇ ನ್ಯಾಯ. ಲೇಖನ ಚಿಹ್ನೆಗಳು ಪುಟದ ಅಲಂಕಾರವಲ್ಲ, ಓದುಗನ ಕೈದೀವಿಗೆ. ಅಂದು ಕಳೆದ ಅರ್ಧ ಅಂಕವನ್ನು ಈ ಸುವರ್ಣ ಸಂಚಿಕೆಯ ಮೂಲಕ ಆ ಶಿಷ್ಯನಿಗೆ ಮರಳಿಸುತ್ತಿದ್ದೇನೆ.